ಇಟಾಲಿಯನ್‌ಗೆ ಕ್ರೆಡಿಟ್, ಕನ್ನಡಕ್ಕೆ ಚಪ್ಪಾಳೆ!

ಅಮೆರಿಕದಲ್ಲಿ ಒಂದು ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಎಂಜಿನಿಯರಿಂಗ್ ಓದುವವನಾಗಲಿ, ಸಂಗೀತ ಓದುವವಳಾಗಲಿ, ಅದರಲ್ಲಿ ಒಂದು ಪಾಲನ್ನು ಇತಿಹಾಸ, ಗಣಿತ, ವಿಜ್ಞಾನ, ಬರವಣಿಗೆ ಎಂಬ ಸಾಮಾನ್ಯ ಶಿಕ್ಷಣದ ವಿಷಯಗಳಲ್ಲೇ ಗಳಿಸಬೇಕು. ಅನೇಕ ಕಾಲೇಜುಗಳಲ್ಲಿ ಇಂಗ್ಲಿಷ್ ಬಿಟ್ಟು ಇನ್ನೊಂದು ಭಾಷೆಯೂ ಕಡ್ಡಾಯ. ಈ ಹೊರೆಯನ್ನು ಹೈಸ್ಕೂಲಿನಲ್ಲೇ ಇಳಿಸಿಕೊಳ್ಳಲು ಒಂದು ದಾರಿಯಿದೆ. ಅದರ ಹೆಸರು ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್, ಹುಡುಗರ ಬಾಯಲ್ಲಿ ಎ.ಪಿ. 1950ರ ದಶಕದಿಂದ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ನಡೆಸುತ್ತಿರುವ ಪರೀಕ್ಷೆ ಇದು. ಮೇ ತಿಂಗಳಲ್ಲಿ ಬರೆಯಬೇಕು. 5ಕ್ಕೆ 3 ಬಂದರೆ ಬಹಳಷ್ಟು ಕಾಲೇಜುಗಳು ಆ ವಿಷಯದ ಕ್ರೆಡಿಟ್ ಕೊಟ್ಟುಬಿಡುತ್ತವೆ. ದೊಡ್ಡ ಹೆಸರಿನವು 4 ಇಲ್ಲವೇ 5 ಕೇಳುತ್ತವೆ. ಪರೀಕ್ಷೆಗೆ ಸುಮಾರು 100 ಡಾಲರ್. ಅದನ್ನೇ ಕಾಲೇಜಿಗೆ ಹೋಗಿ ಓದಿದರೆ ನೂರಾರು, ಸಾವಿರಾರು ಡಾಲರ್. ಬಡವರ ಮಕ್ಕಳಿಗೆ ಇದಕ್ಕಿಂತ ಉಪಕಾರ ಬೇರೆ ಇಲ್ಲ. ನಮ್ಮ ಬೆಂಗಳೂರಿನಲ್ಲೂ ಇದನ್ನು ಬರೆಯುವ ಮಕ್ಕಳಿದ್ದಾರೆ.

ವ್ಯವಸ್ಥೆಯ ಮೇಲೆ ನನಗೆ ತಕರಾರಿಲ್ಲ. ತಕರಾರು ಭಾಷೆಗಳ ಪಟ್ಟಿಯ ಮೇಲೆ. ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಚೀನೀ, ಜಪಾನೀ, ಲ್ಯಾಟಿನ್. ಇಷ್ಟೇ! ಲ್ಯಾಟಿನ್ ಯಾರ ಮನೆಯಲ್ಲಿ ಮಾತಾಡುತ್ತಾರೆ ಸ್ವಾಮಿ? 2011ರ ಜನಗಣತಿಯಂತೆ 4 ಕೋಟಿ 37 ಲಕ್ಷ ಜನರ ತಾಯಿನುಡಿಯಾದ ಕನ್ನಡಕ್ಕೆ ಅಲ್ಲಿ ಜಾಗವಿಲ್ಲ. (ಹಿಂದಿಗೂ ಇಲ್ಲವಲ್ಲ ಎಂದು ಖುಷಿಪಡುವವರು ಪಡಲಿ. ಪಕ್ಕದ ಮನೆಯವನೂ ಉಪವಾಸ ಎಂದರೆ ನಮ್ಮ ಹೊಟ್ಟೆ ತುಂಬುವುದಿಲ್ಲ.)

ಅಲ್ಲಿನ ಕನ್ನಡ ಕೂಟಗಳು ವಾರದ ಕೊನೆಗೆ ಕನ್ನಡ ಶಾಲೆ ನಡೆಸುತ್ತವೆ. ಬಿಡುವಿಲ್ಲದ ತಾಯಂದಿರು ಪುಕ್ಕಟೆ ಪಾಠ ಹೇಳುತ್ತಾರೆ. ಅವರಿಗೆ ಕೈ ಮುಗಿಯಬೇಕು. ಆದರೆ ಆ ಮಗು ಒಂಬತ್ತನೇ ತರಗತಿಗೆ ಬಂದೊಡನೆ ಅಪ್ಪ ಲೆಕ್ಕ ಹಾಕುತ್ತಾನೆ: ಕನ್ನಡಕ್ಕೆ ಕ್ರೆಡಿಟ್ ಇಲ್ಲ, ಸ್ಪ್ಯಾನಿಷ್‌ಗೆ ಇದೆ. ಕನ್ನಡದ ಚೀಲ ಅಟ್ಟ ಸೇರುತ್ತದೆ. ಅಪ್ಪನನ್ನು ಬೈದು ಫಲವೇನು? ಅಂಗಡಿಯಲ್ಲಿ ಓಡದ ನೋಟನ್ನು ಯಾರು ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ?

ಇಟಾಲಿಯನ್ನರು ಏನು ಮಾಡಿದರು ನೋಡಿ. ಅವರ ಭಾಷೆಗೆ 2006ರಲ್ಲಿ ಎ.ಪಿ. ಪರೀಕ್ಷೆ ಶುರುವಾಯಿತು. ಬರೆಯುವವರು ತೀರ ಕಡಿಮೆ, ಖರ್ಚು ಹೆಚ್ಚು ಎಂದು 2009ರ ಪರೀಕ್ಷೆಯ ನಂತರ ಕಾಲೇಜ್ ಬೋರ್ಡ್ ಅದನ್ನು ನಿಲ್ಲಿಸಿತು. ಅವರು ಸುಮ್ಮನೆ ಕೂರಲಿಲ್ಲ. ಇಟಲಿ ಸರ್ಕಾರ ಹಣ ಬಿಚ್ಚಿತು, ಅಮೆರಿಕದ ಇಟಾಲಿಯನ್ ಸಂಘಗಳು ಚಂದಾ ಎತ್ತಿದವು. 2012ರಲ್ಲಿ ಪರೀಕ್ಷೆ ಮತ್ತೆ ಬಂತು. ಚೀನೀ, ಜಪಾನೀ ಪರೀಕ್ಷೆಗಳು 2007ರಲ್ಲೇ ಬಂದಿದ್ದವು.

ನಮ್ಮವರು? ಅಕ್ಕ ಸಮ್ಮೇಳನ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಇಲ್ಲಿಂದ ಮಂತ್ರಿಗಳು, ಸಾಹಿತಿಗಳು, ಸಿನಿಮಾ ನಟರು ವಿಮಾನ ಹತ್ತುತ್ತಾರೆ. ಹಾರ, ಶಾಲು, ಭಾಷಣ, ಚಪ್ಪಾಳೆ. ಸ್ಮರಣ ಸಂಚಿಕೆಗಳನ್ನು ಅಚ್ಚು ಹಾಕಿ ಹೊಟ್ಟೆ ಹೊರೆಯುವವನು ನಾನು. ಶುಭಾಶಯ ಸಂದೇಶಗಳಿಗೇ ಎಷ್ಟು ಪುಟ ಹೋಗುತ್ತದೆಂದು ನನ್ನನ್ನು ಕೇಳಿ. ಒಂದು ಪರೀಕ್ಷೆಗೆ ಬೇಕಾದ ಪಠ್ಯಕ್ಕೆ ಅಷ್ಟು ಕಾಗದ ಸಾಕಿತ್ತು.

ಎ.ಪಿ. ದೂರದ ಮಾತಾಯಿತೆನ್ನಿ. ಹತ್ತಿರದಲ್ಲೇ ಇನ್ನೊಂದು ಬಾಗಿಲಿದೆ. ಎರಡು ಭಾಷೆ ಓದಿ ಬರೆಯಬಲ್ಲ ಹೈಸ್ಕೂಲ್ ಮಕ್ಕಳ ಪ್ರಮಾಣಪತ್ರಕ್ಕೆ 'ಸೀಲ್ ಆಫ್ ಬೈಲಿಟರಸಿ' ಎಂಬ ಮುದ್ರೆ ಒತ್ತುವ ಕಾನೂನನ್ನು ಕ್ಯಾಲಿಫೋರ್ನಿಯಾ 2011ರಲ್ಲಿ ತಂದಿತು; ಬೇರೆ ರಾಜ್ಯಗಳೂ ಹಿಂಬಾಲಿಸಿದವು. ಇಲಿನಾಯ್, ಮಿನ್ನೆಸೋಟದ ಸರ್ಕಾರಿ ಕಾಲೇಜುಗಳಲ್ಲಿ ಈ ಮುದ್ರೆಗೂ ಕ್ರೆಡಿಟ್ ಸಿಗುತ್ತದೆ. ಇದು ಆ ಏಳೇ ಭಾಷೆಗಳಿಗೆ ಸೀಮಿತವಲ್ಲ. ಬೇಕಾದದ್ದು ಶಾಲೆ ಒಪ್ಪುವ ಪರೀಕ್ಷೆ, ಮಟ್ಟಕ್ಕೆ ತಕ್ಕ ಪಠ್ಯ, ಮತ್ತು ಸ್ಕೂಲ್ ಬೋರ್ಡಿನ ಸಭೆಯಲ್ಲಿ ಎದ್ದು ನಿಂತು ಕೇಳುವ ಅಪ್ಪ ಅಮ್ಮ.

ಯುವಕರೇ, ನಿಮ್ಮಲ್ಲಿ ಎಷ್ಟೋ ಮಂದಿಯ ಅಣ್ಣ, ಅಕ್ಕ ಅಲ್ಲಿದ್ದಾರೆ. ಈ ಭಾನುವಾರ ಫೋನ್ ಮಾಡಿದಾಗ ಹವಾಮಾನ ವಿಚಾರಿಸುವುದನ್ನು ಬಿಟ್ಟು, ನಿಮ್ಮೂರ ಶಾಲೆ ಕನ್ನಡಕ್ಕೆ ಮುದ್ರೆ ಒತ್ತುತ್ತದೆಯೇ ಎಂದು ಕೇಳಿ. ಇಲ್ಲವೆಂದರೆ ಅರ್ಜಿ ಯಾವಾಗ ಹಾಕುತ್ತೀರಿ ಎಂದು ಕೇಳಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ನಾವು ಇಲ್ಲಿಂದ ಪತ್ರ ಬರೆಯೋಣ: ಮುಂದಿನ ಸಮ್ಮೇಳನಕ್ಕೆ ಹೋಗುವ ನಿಯೋಗದ ಖರ್ಚನ್ನು ಅರ್ಧಕ್ಕಿಳಿಸಿ, ಉಳಿದ ಅರ್ಧವನ್ನು ಪಠ್ಯಕ್ಕೂ ಪರೀಕ್ಷೆಗೂ ಕೊಡಿ. ಪತ್ರದ ಅಚ್ಚಿನ ಖರ್ಚು ನನ್ನದು.