ಕುರಿಯ ಭುಜವೂ ಹೊಗೆಯೂ

ಕೊಡಗಿನವರು ಒಲೆಯ ಮೇಲೆ ಹಂದಿಮಾಂಸವನ್ನು ತೂಗಹಾಕಿ ಹೊಗೆಯಲ್ಲಿ ಒಣಗಿಸುವುದನ್ನು ವಾಚಕರು ಬಲ್ಲರಷ್ಟೆ. ನಮ್ಮ ಬನ್ನೂರು ಕುರಿಯ ಭುಜವನ್ನು ಹೊಗೆಯಲ್ಲಿಯೇ ಬೇಯಿಸಬಹುದೆ ಎಂದು ಸೋದರಿಯೊಬ್ಬರು ಕೇಳಿರುವರು.

ಅವಶ್ಯವಾಗಿ. ಉಪ್ಪು ಮೆಣಸು ಸವರಿ, ಮುಚ್ಚಿದ ಒಲೆಯಲ್ಲಿ ಹುಣಸೆಕಟ್ಟಿಗೆಯ ಮಂದ ಕೆಂಡಕ್ಕೆ 5-6 ಗಂಟೆ ಬಿಟ್ಟರೆ, ನಾರುಗಳನ್ನು ಬಿಗಿದಿರುವ ಪೊರೆ ಕರಗಿ ಮಾಂಸವು ಎಳೆಯೆಳೆಯಾಗಿ ಬಿಡಿಸಲು ಬರುವುದು. ಹಂದಿಯ ಭುಜ ದೊಡ್ಡದು, ಅದಕ್ಕೆ ಇನ್ನೂ ಹೊತ್ತು ಬೇಕು. ಆದರೆ ಕುರಿಯ ಕೊಬ್ಬು ಆರಿದೊಡನೆ ಹೆಪ್ಪುಗಟ್ಟಿ ಅಂಗುಳಿಗೆ ಮೆತ್ತುವುದು. ಹಂದಿಯದು ಅಷ್ಟು ಬೇಗ ಗಟ್ಟಿಯಾಗದು. ಆದುದರಿಂದ ಬಿಸಿಯಾಗಿಯೇ ಬಡಿಸತಕ್ಕದ್ದು. ಇದನ್ನರಿಯದೆ ನೆಂಟರ ಮುಂದೆ ನಾವೊಮ್ಮೆ ನಾಚಿದುದುಂಟು.

ಈ ಗಿಡ್ಡಕಾಲಿನ ತಳಿಗೆ ಮಾಂಸದೊಳಗೇ ಕೊಬ್ಬು ಹರಡಿರುವುದರಿಂದ ದೀರ್ಘಪಾಕದಲ್ಲಿಯೂ ಒಣಗದು. ಸಂಕಟವೇನೆಂದರೆ, ಶುದ್ಧ ತಳಿ ವಿರಳವಾಗಿ, ಬನ್ನೂರಿನ ಹೆಸರಿನಲ್ಲಿ ಮಿಶ್ರತಳಿಯೂ ಮಾರಾಟವಾಗುತ್ತಿದೆ. ಕುರಿಯನ್ನು ಕಣ್ಣಾರೆ ಕಂಡೇ ಕೊಳ್ಳಿರಿ: ನಿಜವಾದ ಬನ್ನೂರು ಕುರಿಯ ಮೈ ಹಿಂದಿನಿಂದ ನೋಡಿದಾಗ ಕಮಾನಿನಂತೆ ಕಾಣುವುದು.