ಮಣ್ಣಿಗೆ ಕಾರ್ಡ್ ಇದೆ, ಮೈಗೆ ಯಾಕಿಲ್ಲ?

ಹಸುವಿನ ಗಂಜಲ ಅಂದ್ರೆ ಡ್ರಮ್ಮಲ್ಲಿ ಕೂಡಿಟ್ಟು ಜೀವಾಮೃತ ಮಾಡ್ತೀವಿ. ಮನುಷ್ಯನ ಉಚ್ಚೆ ಅಂದ್ರೆ ಮುಖ ಸಿಂಡರಿಸ್ತೀವಿ. ಇವತ್ತು ಅದರ ಬಗ್ಗೆನೇ ಬರೀತೀನಿ, ಓದಿ.

2015ರಿಂದ ಮಣ್ಣು ಆರೋಗ್ಯ ಕಾರ್ಡ್ ಬಂದಿದೆ. ಒಟ್ಟು 12 ಅಂಶ. ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್ ಎಲ್ಲಾ ನೋಡ್ತಾರೆ. ಬೆಳೆ ಕೆಡೋ ಮೊದಲೇ ಮಣ್ಣು ಪರೀಕ್ಷೆ ಮಾಡ್ಸಿ ಅಂತ ನಮಗೆ ಪಾಠ ಹೇಳ್ತಾರೆ. ಒಳ್ಳೇದೇ. ಆದ್ರೆ ಆ ಮಣ್ಣಲ್ಲಿ ಬೆಳೆದಿದ್ದು ಉಂಡು, ಆಳದ ಬೋರ್ ನೀರು ಕುಡಿಯೋ ಮನುಷ್ಯನ ಮಾತು ಬಂದ್ರೆ, "ಆರೋಗ್ಯವಾಗಿದ್ದೀರಲ್ಲ, ಪರೀಕ್ಷೆ ಯಾಕೆ?" ಅಂತಾರೆ. ಆಸ್ಪತ್ರೇಲಿ ಉಚ್ಚೆ ಕೊಟ್ರೂ ಸಕ್ಕರೆ, ಪ್ರೋಟೀನ್, ಕೀವು ನೋಡ್ತಾರೆ ಅಷ್ಟೇ. ಆರ್ಸೆನಿಕ್, ಕ್ಯಾಡ್ಮಿಯಂ, ಫ್ಲೋರೈಡ್ ಅದರಲ್ಲಿ ಬರಲ್ಲ.

ಆರೋಗ್ಯವಾಗಿರುವಾಗಲೇ ಅಳೀಬೇಕು ಸ್ವಾಮಿ. ಜಪಾನಿನ ಜಿನ್ಜು ನದಿಗೆ ಗಣಿಯಿಂದ ಕ್ಯಾಡ್ಮಿಯಂ ಹರಿದು ಬಂತು. ಅದೇ ನೀರಲ್ಲಿ ಭತ್ತ ಬೆಳೆದ್ರು, ಅದನ್ನೇ ಉಂಡ್ರು. ಮೂತ್ರಪಿಂಡ ಕೆಟ್ಟು, ಮೂಳೆ ಮುರಿದು ಹೆಂಗಸರು ನರಳಿದ್ರು. ಕಾಯಿಲೆಯ ಹೆಸರೇ 'ಇತಾಯ್ ಇತಾಯ್', ಅಂದ್ರೆ 'ನೋವು ನೋವು'. ಕಾರಣ ಕ್ಯಾಡ್ಮಿಯಂ ಅಂತ ಅಲ್ಲಿನ ಸರ್ಕಾರ ಒಪ್ಪಿದ್ದು 1968ರಲ್ಲಿ. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಹತ್ತಾರು ವರ್ಷ ಕೂತಿರುತ್ತೆ, ನೋವು ಶುರುವಾಗೋ ಮೊದಲೇ ಉಚ್ಚೇಲಿ ಕಾಣಿಸುತ್ತೆ.

ದೂರ ಯಾಕೆ, ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾ ನೋಡಿ. ಬೋರ್ ನೀರಲ್ಲಿ ಆರ್ಸೆನಿಕ್, ಜನರ ಚರ್ಮದ ಮೇಲೆ ಕಲೆ. ಚರ್ಮ ಹಂಗೆ ಆಗೋಕೆ ವರ್ಷಗಳೇ ಹಿಡಿಯುತ್ತೆ. ಉಚ್ಚೆ ಹಿಂದಿನ ಕೆಲವೇ ದಿನದ ಲೆಕ್ಕ ಹೇಳುತ್ತೆ.

ನಮ್ಮ ಕೋಲಾರಕ್ಕೆ 2018ರಿಂದ ಕೆ.ಸಿ. ವ್ಯಾಲಿ ನೀರು ಬರ್ತಿದೆ. ಬೆಂಗಳೂರಿನ ಕೊಳಚೆ ನೀರು, ಎರಡು ಹಂತ ಶುದ್ಧ ಮಾಡಿದ್ದು. ಒಬ್ಬರು ವಿಷ ಅಂತಾರೆ, ಇನ್ನೊಬ್ಬರು ಅಮೃತ ಅಂತಾರೆ. ಇಬ್ಬರೂ ನೀರಿನ ರಿಪೋರ್ಟ್ ಹಿಡ್ಕೊಂಡೇ ಜಗಳ ಆಡ್ತಾರೆ. ಕೆರೆಗೆ ನೀರು ಬರೋ ಮೊದಲು ಊರಿಗೆ ನೂರು ಜನರ ಉಚ್ಚೆ ಅಳೆದು ಬರೆದಿಟ್ಟಿದ್ರೆ, ಇವತ್ತು ಎರಡು ಅಂಕಿ ಪಕ್ಕಪಕ್ಕ ಇಟ್ಟು ಜಗಳ ಮುಗಿಸಬಹುದಿತ್ತು.

ಹಂಗಂತ ಖಾಸಗಿ ಲ್ಯಾಬಿಗೆ ದುಡ್ಡು ಸುರೀಬೇಡಿ. ಒಬ್ಬನ ಒಂದು ಅಂಕಿಯಿಂದ ಏನೂ ತಿಳಿಯಲ್ಲ. ನೀರು ಜಾಸ್ತಿ ಕುಡಿದ್ರೆ ಉಚ್ಚೆ ತೆಳ್ಳಗಾಗುತ್ತೆ, ಅದಕ್ಕೇ ಕ್ರಿಯಾಟಿನಿನ್ ಜೊತೆ ತೂಗಿ ನೋಡ್ಬೇಕು. ಸಮುದ್ರದ ಮೀನು ತಿಂದ್ರೂ ಆರ್ಸೆನಿಕ್ ಏರುತ್ತೆ, ಅದರಲ್ಲಿ ಹೆಚ್ಚಿನದು ಅಪಾಯ ಇಲ್ಲದ ಬಗೆ. ಸೀಸಕ್ಕೆ ರಕ್ತವೇ ಬೇಕು. ಅಮೆರಿಕಾದಲ್ಲಿ ಸರ್ಕಾರವೇ ಸಾಮಾನ್ಯ ಜನರ ಉಚ್ಚೇಲಿ ಆರ್ಸೆನಿಕ್, ಕ್ಯಾಡ್ಮಿಯಂ, ಯುರೇನಿಯಂ ಅಳೆದು ಪ್ರಕಟಿಸುತ್ತೆ. ಇಲ್ಲೂ ತಾಲ್ಲೂಕುವಾರು ಹಂಗೇ ಆಗ್ಬೇಕು, ಕೆಲವು ವರ್ಷಕ್ಕೊಮ್ಮೆ, ಪುಕ್ಕಟೆಯಾಗಿ.

ಮಣ್ಣಿನ ಮಾದರಿ ಕೊಡೋಕೆ ಚೀಲ ಹಿಡಿದು ನಿಲ್ತೀವಿ. ಒಂದು ಬಾಟ್ಲಿ ಉಚ್ಚೆ ಕೊಡೋಕೆ ನಾಚಿಕೆ ಯಾಕೆ? ಮುಂದಿನ ಗ್ರಾಮಸಭೇಲಿ ನಾನು ಅರ್ಜಿ ಕೊಡ್ತೀನಿ. ನಿಮ್ಮೂರಲ್ಲಿ ನೀವೂ ಕೊಡಿ.