ನಮ್ಮ ಕೂಲಿಯೂ ಲೆಕ್ಕಕ್ಕೆ ಬರಲಿ

ಹೋದ ತಿಂಗಳು ಬಟವಾಡೆಯ ದಿನ ಡೈರಿ ಮುಂದೆ ಪಕ್ಕದ ಬೀದಿಯ ತಂಗಿ ಒಬ್ಬಳು ಸಿಕ್ಕಳು. “ಅಕ್ಕಾ, ಎರಡು ಹಸುನೂ ಕೊಟ್ಬಿಡ್ತೀವಿ. ಹಿಂಡಿ ದುಡ್ಡೂ ಹುಟ್ಟಲ್ಲ ಅಂತ ನಮ್ಮ ಯಜಮಾನ್ರು ಹೇಳ್ತಾವ್ರೆ” ಎಂದಳು. ದಲ್ಲಾಳಿ ಬಂದು ನೋಡಿಕೊಂಡೂ ಹೋಗಿದ್ದನಂತೆ. “ಲೆಕ್ಕ ಬರ್ದಿದ್ದೀಯಾ?” ಎಂದು ಕೇಳಿದೆ. “ಲೆಕ್ಕ ಏನಕ್ಕಾ, ಕೈಯಲ್ಲಿ ಏನೂ ಉಳಿಯಲ್ಲ, ಅದೇ ಲೆಕ್ಕ” ಎಂದಳು.

ನಮ್ಮಲ್ಲಿ ಹೆಚ್ಚಿನವರ ಲೆಕ್ಕ ಇಷ್ಟೇ. ಅಂಗಡಿ ಇಟ್ಟವರು ಸಂಜೆ ಕೂತು ಗಲ್ಲಾ ಎಣಿಸುತ್ತಾರೆ. ನಾವು ಬೆಳಗ್ಗೆ ಐದಕ್ಕೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಮೇವು ಕೊಯ್ದು ತಂದರೂ ಇದೊಂದು ವ್ಯಾಪಾರ ಎಂದು ನಮಗೇ ಅನಿಸುವುದಿಲ್ಲ. ಮನೆಗೆಲಸದ ಜೊತೆ ಇನ್ನೊಂದು ಕೆಲಸ ಎಂದುಕೊಂಡಿದ್ದೇವೆ. ನನ್ನ ಅಭಿಪ್ರಾಯದಲ್ಲಿ ನಷ್ಟ ಶುರುವಾಗುವುದೇ ಅಲ್ಲಿಂದ.

ಅವತ್ತು ಸಂಜೆ ಅವಳ ಮನೆ ಜಗುಲಿಯ ಮೇಲೆ ಮಗನ ಹಳೇ ನೋಟ್‌ಬುಕ್ ಹಿಡಿದು ಇಬ್ಬರೂ ಕೂತೆವು. ಒಂದು ಹಸು ದಿನಕ್ಕೆ 10 ಲೀಟರ್ ಕೊಡುತ್ತಿತ್ತು. ಮೈ ಉಳಿಸಿಕೊಳ್ಳಲು 2 ಕೆಜಿ, ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕೆಜಿಯಂತೆ 4 ಕೆಜಿ, ಒಟ್ಟು 6 ಕೆಜಿ ಪಶು ಆಹಾರ. ಕೆಜಿಗೆ 26 ರೂಪಾಯಿ ಎಂದು ಹಿಡಿದರೆ 156 ರೂಪಾಯಿ. ಹಸಿಮೇವು, ಒಣಹುಲ್ಲು ಸ್ವಂತ ಹೊಲದ್ದೇ ಆದರೂ ಬೆಲೆ ಉಂಟಲ್ಲ, ಅದಕ್ಕೆ 70 ಬರೆದೆವು. ಖನಿಜ ಮಿಶ್ರಣ, ಔಷಧಿ, ವಿಮೆಗೆ 15. ಒಟ್ಟು 241 ರೂಪಾಯಿ. ಸಂಘದಿಂದ ಲೀಟರಿಗೆ 35 ರೂಪಾಯಿ, ಸರ್ಕಾರದ ಪ್ರೋತ್ಸಾಹಧನ 5 ರೂಪಾಯಿ ಸೇರಿ 400 ರೂಪಾಯಿ ಆದಾಯ. ಉಳಿದದ್ದು 159.

“ಇನ್ನು ನಿನ್ನ ಕೂಲಿ ಬರಿ” ಎಂದೆ. ಅವಳು ನಕ್ಕುಬಿಟ್ಟಳು. “ನಮ್ಮನೆ ಹಸಕ್ಕೆ ನಾನೇ ಕೂಲಿ ತಗೋತೀನಾ?” ಪಕ್ಕದ ಹೊಲಕ್ಕೆ ಕಳೆ ಕೀಳಲು ಹೋದರೆ ಕೂಲಿ ಬಿಟ್ಟು ಬರುತ್ತಾಳಾ? ಎರಡು ಹಸುಗಳ ಚಾಕರಿಗೆ ಅರ್ಧ ದಿನ ಬೇಕೇ ಬೇಕು. ಅರ್ಧ ದಿನಕ್ಕೆ 170 ಎಂದರೆ ಒಂದು ಹಸುವಿಗೆ 85. ಅದನ್ನೂ ಕಳೆದರೆ 74 ರೂಪಾಯಿ ಲಾಭ. ಅಂದರೆ ಆ ಹಸು ಅವಳ ಕೂಲಿಯನ್ನೂ ಕೊಟ್ಟು, ಮೇಲೆ 74 ಕೊಡುತ್ತಿತ್ತು.

ಹಾಗಾದರೆ ದುಡ್ಡು ಎಲ್ಲಿ ಹೋಯಿತು? ಪಕ್ಕದಲ್ಲೇ ಕಟ್ಟಿದ್ದ ಎರಡನೇ ಹಸುವಿನ ಹೊಟ್ಟೆಗೆ. ಅದು ಕರು ಹಾಕಿ ಒಂದೂವರೆ ವರ್ಷ ದಾಟಿತ್ತು, ಹಾಲು ಬತ್ತಿತ್ತು, ಇನ್ನೂ ಗಬ್ಬ ಕಟ್ಟಿರಲಿಲ್ಲ. ಅದರ ಮೇವಿಗೆ ದಿನಕ್ಕೆ 100 ರೂಪಾಯಿ. ಮೊದಲ ಹಸುವಿನ 159ರಲ್ಲಿ ನೂರು ಹೋಗಿ ಅವಳ ಅರ್ಧ ದಿನದ ದುಡಿಮೆಗೆ ಸಿಕ್ಕಿದ್ದು 59 ರೂಪಾಯಿ. ಎರಡನ್ನೂ ಮಾರಲು ಹೊರಟಿದ್ದಳು. ತಪ್ಪು ಒಂದು ಹಸುವಿನದ್ದು, ಶಿಕ್ಷೆ ಎರಡಕ್ಕೂ!

ಅಕ್ಕತಂಗಿಯರೇ, ಹಾಲಿನ ದರ ಹೆಚ್ಚಾಗಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಈ ಲೆಕ್ಕವನ್ನೂ ನೋಡಿ. ಲೀಟರಿಗೆ 1 ರೂಪಾಯಿ ಹೆಚ್ಚಾದರೆ 10 ಲೀಟರಿನ ಹಸುವಿನಿಂದ 300 ದಿನಕ್ಕೆ 3,000 ರೂಪಾಯಿ ಸಿಗುತ್ತದೆ. ಒಂದು ಬೆದೆ ತಪ್ಪಿಹೋದರೆ ಮುಂದಿನ ಬೆದೆಗೆ 21 ದಿನ ಕಾಯಬೇಕು. ದಿನಕ್ಕೆ ನೂರರಂತೆ 2,100 ರೂಪಾಯಿ ಹೋಯಿತು. ಎರಡು ಬೆದೆ ತಪ್ಪಿದರೆ ದರ ಏರಿಕೆಯನ್ನೂ ಮೀರಿ 4,200. ದರ ಯಾವಾಗ ಏರುತ್ತದೋ ಗೊತ್ತಿಲ್ಲ, ಬೆದೆ ನೋಡುವುದು ಮಾತ್ರ ನಮ್ಮ ಕೈಯಲ್ಲೇ ಇದೆ.

ಕಲಿಕೆ ಎಂದು ನಾನು ಹೇಳುವುದು ಇದನ್ನೇ. ಹಸು ಕೂಗಿದ್ದು, ಲೋಳೆ ಸುರಿಸಿದ್ದು, ಒಂದು ಹೊತ್ತು ಹಾಲು ಕಡಿಮೆ ಕೊಟ್ಟದ್ದು ಮೊದಲು ಕಾಣುವುದು ನಮ್ಮ ಕಣ್ಣಿಗೆ. ತರಬೇತಿಗೆ ಹೋಗಿ ಊಟ ಮಾಡಿ ಬರುವವರು ಗಂಡಸರು! ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು ಎಂಬ ಸಣ್ಣ ಮಾತು ಕೊಟ್ಟಿಗೆಯಲ್ಲಿ ಇರುವವರಿಗೆ ಗೊತ್ತಿರಬೇಕು. ಅದಕ್ಕೇ ಒಕ್ಕೂಟಕ್ಕೆ ನನ್ನ ಮನವಿ: ತರಬೇತಿಯನ್ನು ನಮ್ಮ ಊರಿನಲ್ಲೇ, ಬೆಳಗಿನ ಹಾಲು ಹಾಕಿದ ಮೇಲೆ, ಎರಡು ಗಂಟೆಯಲ್ಲಿ ಮುಗಿಯುವಂತೆ ಇಡಿ. ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಗೆ ಬರಲಾಗದ ತರಬೇತಿಗೆ ಯಾವ ಹೆಂಗಸು ತಾನೇ ಬಂದಾಳು?

ಇನ್ನೊಂದು ಮಾತು ತುಪ್ಪದ್ದು. ಪಟ್ಟಣದ ನೆಂಟರು “ಮನೆ ತುಪ್ಪ ಕೊಡಿ” ಎಂದು ಕೇಳುತ್ತಾರೆ. ನಾವು ಅಂಗಡಿ ದರಕ್ಕಿಂತ ಐವತ್ತು ಕಡಿಮೆ ಹೇಳಿ ಕೊಟ್ಟು ಕಳಿಸುತ್ತೇವೆ. 4 ಫ್ಯಾಟ್ ಇರುವ ಹಾಲಾದರೆ 1 ಕೆಜಿ ತುಪ್ಪಕ್ಕೆ ಸುಮಾರು 25 ಲೀಟರ್ ಬೇಕು. ಆ ಹಾಲನ್ನು ಡೈರಿಗೆ ಹಾಕಿದ್ದರೆ ಪ್ರೋತ್ಸಾಹಧನ ಸೇರಿ 1,000 ರೂಪಾಯಿ ಬರುತ್ತಿತ್ತು. ಮಜ್ಜಿಗೆ ಮನೆಗೆ ಉಳಿಯಿತು ಎನ್ನಿ, ಸೌದೆ, ಕಡೆದು ಕಾಯಿಸಿದ ಶ್ರಮಕ್ಕೆ ಅದು ಸರಿಹೋಯಿತು. 600ಕ್ಕೆ ಕೊಟ್ಟರೆ 400 ರೂಪಾಯಿ ಉಡುಗೊರೆ ಕೊಟ್ಟಂತೆ. ನೆಂಟರಿಗೆ ಉಡುಗೊರೆ ಕೊಡಬೇಡಿ ಎನ್ನುವುದಿಲ್ಲ. ಕೊಡುತ್ತಿದ್ದೇವೆ ಎಂಬುದು ಗೊತ್ತಿದ್ದು ಕೊಡಿ. ಗೊಬ್ಬರವೂ ಹಾಗೆಯೇ. ಮಾರಿದ ದುಡ್ಡು ಯಾರ ಜೇಬಿಗಾದರೂ ಹೋಗಲಿ, ಬರೆಯುವುದು ಹಸುವಿನ ಲೆಕ್ಕದಲ್ಲೇ ಆಗಲಿ.

“ಕೂಲಿ ಬರೆದರೆ ಯಾರು ಕೊಡ್ತಾರೆ?” ಎಂದು ಅತ್ತೆಯವರು ಕೇಳಬಹುದು. ಯಾರೂ ತಂದು ಕೊಡುವುದಿಲ್ಲ, ನಿಜ. ಆದರೆ ಮೂರನೇ ಹಸು ಕಟ್ಟೋಣ ಎಂದು ಮನೆಯಲ್ಲಿ ಮಾತು ಬಂದಾಗ, ನಮ್ಮ ಅರ್ಧ ದಿನ ಮುಕ್ಕಾಲು ದಿನವಾಗುತ್ತದೆ ಎಂದು ಹೇಳಲು ಆ ಸಾಲು ಬೇಕು. ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತು “ದರ ಸಾಲದು” ಎಂದಷ್ಟೇ ಹೇಳಿದರೆ ಅದು ಗೊಣಗಾಟ. “ಲೀಟರಿಗೆ ನಮ್ಮ ಕೂಲಿ ಸೇರಿ ಇಷ್ಟು ಬೀಳುತ್ತದೆ, ಇಗೋ ಪುಸ್ತಕ” ಎಂದರೆ ಅಧ್ಯಕ್ಷರೂ ಉತ್ತರ ಕೊಡಬೇಕಾಗುತ್ತದೆ.

ಹೆಚ್ಚೇನೂ ಬೇಡ. ಹಸುವಿಗೊಂದು ಹಾಳೆ. ಎಡಗಡೆ ಖರ್ಚು, ಬಲಗಡೆ ಆದಾಯ, ಕೆಳಗೆ ಕರು ಹಾಕಿದ ದಿನ, ಬೆದೆಗೆ ಬಂದ ದಿನ, ಗರ್ಭಧಾರಣೆ ಮಾಡಿಸಿದ ದಿನ. ಓದು ಬಾರದವರು ಮಕ್ಕಳ ಕೈಲಿ ಬರೆಸಿ.

ಆ ತಂಗಿ ದಲ್ಲಾಳಿಗೆ ಬರಬೇಡ ಎಂದು ಹೇಳಿಕಳಿಸಿದಳು. ಡಾಕ್ಟರನ್ನು ಕರೆಸಿ ಎರಡನೇ ಹಸುವಿಗೆ ಗರ್ಭಕೋಶದ ಚಿಕಿತ್ಸೆ ಮಾಡಿಸಿದ್ದಾಳೆ. ಎರಡು ಬೆದೆ ನೋಡುತ್ತಾಳಂತೆ, ಕಟ್ಟದಿದ್ದರೆ ಅದೊಂದನ್ನು ಕೊಡುತ್ತಾಳಂತೆ. ಈ ಸಲ ಆ ತೀರ್ಮಾನ ಅವಳದ್ದು. ಪುಸ್ತಕ ಅವಳ ಹತ್ತಿರ ಇದೆ.

— ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘವೊಂದರ ನಿರ್ದೇಶಕಿ